ಒಂದು ನಿಮಿಷವೂ ಬಿಟ್ಟುಕೊಡದ ಮಹಡಿ ಮೇಡಂ

ಮೊನ್ನೆ ಅಂಗಡಿಯಲ್ಲಿ ಕೂತು ಒಂದು ಕಿತ್ತಳೆ ಸುಲಿದೆ. ಅಷ್ಟರಲ್ಲಿ ಗಿರಾಕಿ ಬಂದ. ಸಿಪ್ಪೆಯನ್ನು ಇನ್ವರ್ಟರ್ ಮೇಲಿಟ್ಟು ಅವನಿಗೆ ಗಮ್‌ಬೂಟ್ ತೋರಿಸೋದಕ್ಕೆ ಎದ್ದೆ. ಅಂಗಡಿಯಲ್ಲಿರುವ ಅಷ್ಟೂ ಜೋಡಿ ಹಾಕಿ ನೋಡಿ, ಕೊನೆಗೆ ಮೊದಲನೆಯದನ್ನೇ ತಗೊಳ್ಳುವ ಪೈಕಿ ಅವನು. ಅರ್ಧ ಗಂಟೆ ಹಿಡಿಯಿತು. ವಾಪಸು ಬಂದು ಕೂತರೆ ಇನ್ವರ್ಟರಿನ ಕಾವಿಗೆ ಸಿಪ್ಪೆ ಬೆಚ್ಚಗಾಗಿ ಎಣ್ಣೆ ಬಿಟ್ಟುಕೊಂಡು ಒಂದು ವಾಸನೆ ಎದ್ದಿತ್ತು. ಸುಟ್ಟದ್ದೂ ಅಲ್ಲ, ಹಸಿಯದೂ ಅಲ್ಲ… ಮೂಗಿಗಿಂತ ಮೊದಲು ಕಾಲಿಗೆ ನೆನಪು ಬಂತು ಅನ್ನಬೇಕು. ಮಹಡಿ ಮೆಟ್ಟಿಲು ಹತ್ತೋದಕ್ಕೆ ಅರ್ಧ ಎದ್ದೇಬಿಟ್ಟಿದ್ದೆ.

ಅಂಗಡಿ ಮೇಲಿನ ಮಹಡಿಯಲ್ಲಿ ಈಗ ಯಾರೋ ಬ್ಯಾಂಕಿನವರಿದ್ದಾರೆ. ಆಗ ಇದ್ದವರು ಒಬ್ಬ ಮೇಡಂ. ಕಂಪ್ಯೂಟರಿನ ವೈರಿನ ಮಧ್ಯೆ ಇಟ್ಟಿಗೆಯ ಹಾಗೆ ಒಂದು ಕರಿ ಡಬ್ಬಿ ಇರುತ್ತಲ್ಲ, ಅದು ಯಾವಾಗಲೂ ಬಿಸಿ. ಅದರ ಮೇಲೆ ಕಿತ್ತಳೆ ಸಿಪ್ಪೆ ಸಾಲಾಗಿ ಒಣಗಿಸುತ್ತಿದ್ದರು. ಗೊಜ್ಜಿಗೆ ಅಂತೆ. ನಾವೆಲ್ಲ ಅವರನ್ನು ಮಹಡಿ ಮೇಡಂ ಅಂತಲೇ ಕರೆಯುತ್ತಿದ್ದದ್ದು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗೋದಿಲ್ಲ. ನಮ್ಮಪ್ಪ ಹಾಸನದ ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದವರು. ನಾನು ಅಲ್ಲಿಂದ ಚೆಟ್ಟಳ್ಳಿಗೆ ಬಂದದ್ದು ಹೆಗಲ ಮೇಲೆ ಗೋಣಿಚೀಲದ ಕಟ್ಟು ಹೊತ್ತುಕೊಂಡು. ಕಾಫಿಗೆ ಚೀಲ ಮಾರಿದೆ, ಹರಿದ ಚೀಲ ಹೊಲಿದೆ, ತುಂಬಿದ ಚೀಲದ ಬಾಯಿ ಕಟ್ಟಿದೆ. ಆಮೇಲೆ ಟಾರ್ಪಾಲು, ಮೆಣಸಿನ ಏಣಿ, ಕತ್ತಿ, ಈಗ ಹಳೆ ಮೊಬೈಲು. ಚೌಕಾಶಿ ಮಾಡದೆ ನಾನು ಒಂದು ಸೂಜಿಯನ್ನೂ ಕೊಂಡವನಲ್ಲ. ಹೊಸದಾಗಿ ವ್ಯಾಪಾರ ಶುರು ಮಾಡುವವರಿಗೆ ನನ್ನದೊಂದು ಬುದ್ಧಿಮಾತು: ಮೊದಲು ಹೇಳಿದ ಬೆಲೆಗೇ ಒಪ್ಪಿಕೊಳ್ಳುವವರನ್ನು ಕಂಡರೆ ಹುಷಾರಾಗಿರಿ. ಅವರು ಬೇರೆ ಎಲ್ಲೋ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ.

ಮಹಡಿ ಮೇಡಂ ಹಾಗೇ. ಬಾಡಿಗೆ ಹೇಳಿದೆ, "ಆಯ್ತು" ಅಂದರು. ನನಗೆ ಆವತ್ತೇ ಅನುಮಾನ.

ಐವತ್ತು ದಾಟಿದ ಹೆಂಗಸು, ಒಬ್ಬರೇ, ಪುತ್ತೂರಿನ ಕಡೆಯವರು. ದಿನವಿಡೀ ಕಂಪ್ಯೂಟರ್ ಮುಂದೆ. ಕೆಲಸ ಏನು ಅಂತ ಕೇಳದೆ ಇರೋದು ನನ್ನಿಂದ ಆಗುವ ಮಾತಲ್ಲ. ನೀರಿನ ಟ್ಯಾಂಕು ನೋಡುವ ನೆಪದಲ್ಲಿ ಹತ್ತಿ ಹೋಗಿ ಕೇಳಿಯೇಬಿಟ್ಟೆ. ಅವರು ನನ್ನ ಅಂಗಡಿಯ ಬೀಗವನ್ನೇ ಉದಾಹರಣೆಗೆ ತಗೊಂಡರು.

"ನೀವು ಬೀಗ ಮಾರ್ತೀರಿ. ಬೀಗ ಮಾಡುವವ ಬೇರೆ. ಅದರ ಒಳಗಿನ ಸ್ಪ್ರಿಂಗ್ ಮಾಡುವವ ಇನ್ನೂ ಬೇರೆ. ನಾನು ಆ ಸ್ಪ್ರಿಂಗ್ ಮಾಡುವವಳು, ಮಾರಾಯ್ರೆ."

ಎರಡು ಫೋನು ಗುಟ್ಟಾಗಿ ಮಾತಾಡಬೇಕಾದರೆ ಮೊದಲು ಒಂದು ರಹಸ್ಯ ಸಂಕೇತ ಒಪ್ಪಿಕೊಳ್ಳುತ್ತವಂತೆ. ಆ ಒಪ್ಪಂದಕ್ಕೆ ಸೆಷನ್ ಅಂತ ಹೆಸರು. ಅದನ್ನು ನಡೆಸುವ ಸಾಫ್ಟ್‌ವೇರಿನ ಒಂದು ಲೈಬ್ರರಿ ಇದೆ, ಯಾರು ಬೇಕಾದರೂ ತಗೊಂಡು ತಮ್ಮ ಆ್ಯಪಿನೊಳಗೆ ಕೂರಿಸಿಕೊಳ್ಳಬಹುದು, ದುಡ್ಡಿಲ್ಲ. ಹತ್ತಾರು ದೇಶದವರು ಸೇರಿ ಅದನ್ನು ನೋಡಿಕೊಳ್ಳುತ್ತಾರೆ. ಅದರಲ್ಲಿ ಇವರ ಪಾಲಿಗೆ ಬಂದದ್ದು ಒಂದೇ ಪ್ರಶ್ನೆ: ಆ ಕಡೆಯವರು ಸುಮ್ಮನಾದರೆ, ಎಷ್ಟು ಹೊತ್ತು ಕಾದು ಒಪ್ಪಂದ ಮುರಿಯಬೇಕು?

"ಇದಕ್ಕೆ ಒಂದು ಜೀವಮಾನ ಬೇಕಾ ಮೇಡಂ?" ಅಂದೆ.

"ನನಗೆ ಹನ್ನೊಂದು ವರ್ಷ ಆಯ್ತು. ಇನ್ನೂ ಸರಿಯಾಗ್ಲಿಲ್ಲ," ಅಂದು ನಕ್ಕರು.

ನಂಬಿದರೆ ನಂಬಿ, ಆವತ್ತು ರಾತ್ರಿ ನನಗೂ ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಬೇಗ ಮುರಿದರೆ ಬದುಕಿರುವವನನ್ನು ಹೊರಗೆ ಹಾಕಿದ ಹಾಗೆ. ತಡವಾಗಿ ಮುರಿದರೆ, ಬಿದ್ದ ಫೋನು ಯಾರ ಕೈಗೆ ಸಿಕ್ಕಿದೆಯೋ ಅವನ ಜೊತೆ ಗುಟ್ಟು ಮಾತಾಡಿದ ಹಾಗೆ. ಎರಡೂ ಕಷ್ಟವೇ. ಮಾರನೆ ದಿನದಿಂದ ಟ್ಯಾಂಕು ನೋಡುವ ನೆಪ ದಿನಾ ಬೇಕಾಯಿತು.

ಆ ಹೊತ್ತಿಗೆ ನಮ್ಮಲ್ಲಿ ಆನೆ ಕಾಟ. ಕುಯ್ಲಿನ ಸಮಯದಲ್ಲಿ ಆನೆ ತೋಟದೊಳಗೆ ಇದ್ದರೆ ಗಿಡದ ಮಧ್ಯೆ ಹತ್ತು ಅಡಿ ದೂರದಲ್ಲಿದ್ದರೂ ಕಾಣೋದಿಲ್ಲ. ಅಕ್ಕಪಕ್ಕದ ಎಸ್ಟೇಟಿನವರು ಸೇರಿ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದರು. ಅದರಲ್ಲಿದ್ದ ಯಾವನೋ ಸುದ್ದಿಯನ್ನು ಹೋಂಸ್ಟೇಯವರಿಗೆ ದಾಟಿಸಿ, ಆನೆ ನೋಡೋದಕ್ಕೆ ಜೀಪುಗಟ್ಟಲೆ ಜನ ಬಂದು, ಗಲಾಟೆಗೆ ಬೆದರಿದ ಆನೆ ಕೂಲಿಯವರು ಇರುವ ಲೈನ್ ಮನೆಗಳ ಕಡೆ ನುಗ್ಗಿತು. ಅಲ್ಲಿಗೆ ಆ ಗ್ರೂಪು ಮುಗಿಯಿತು. ಗುಟ್ಟಾಗಿ ಉಳಿಯುವಂಥ ಒಂದು ಆ್ಯಪು ಬೇಕು ಅಂತಾಯಿತು. ಮೈಸೂರಿನ ಇಬ್ಬರು ಹುಡುಗಿಯರು ಮಾಡಿಕೊಟ್ಟರು. ಒಳಗಿನ ಸ್ಪ್ರಿಂಗು ನಮ್ಮ ಮಹಡಿಯದೇ. ಹಳೆ ಫೋನುಗಳನ್ನು ಒದಗಿಸಿದವನು ನಾನು.

ವ್ಯವಸ್ಥೆ ಸರಳ. ತೋಟದ ನಾಲ್ಕು ಮೂಲೆಯಲ್ಲಿ ನಾಲ್ಕು ವಾಚರುಗಳು. ಬೆಳಿಗ್ಗೆ ಆರು ಅಂಕಿಯ ಗುಟ್ಟು ಒತ್ತಿ ಒಳಗೆ ಬಂದರೆ, ಹಾಜರಿ ಬರೆಯುವ ರೈಟರ ಫೋನಿನಲ್ಲಿ ಅವರ ಹೆಸರಿನ ಮುಂದೆ ಹಸಿರು ಚುಕ್ಕಿ. ಹಸಿರು ಅಂದರೆ ವಾಚರ್ ಜಾಗದಲ್ಲಿದ್ದಾನೆ, ಆನೆ ಇಲ್ಲ. ನಾಲ್ಕೂ ಹಸಿರಾದರೆ ರೈಟರು ಸೀಟಿ ಊದುತ್ತಾರೆ, ಹೆಂಗಸರು ಕುಯ್ಲಿಗೆ ಒಳಗೆ ಹೋಗುತ್ತಾರೆ. ಹದಿನೈದು ನಿಮಿಷ ಯಾರೂ ಫೋನು ಮುಟ್ಟದಿದ್ದರೆ ಸೆಷನ್ ಮುಗಿಯಿತು. ಚುಕ್ಕಿ ಬೂದಿ ಬಣ್ಣ, ಮತ್ತೆ ಆರು ಅಂಕಿ.

ತಕರಾರು ಶುರುವಾಗಿದ್ದು ಅಲ್ಲೇ. ನೀರು ಹರಿಯುವ ತೋಡಿನ ಮೇಲಿನ ಪಂಪ್‌ಶೆಡ್ಡಿನಲ್ಲಿ ಕೂರುವ ವಾಚರ್ ವಯಸ್ಸಾದವನು. ಮಂಜಿಗೆ ಮರಗಟ್ಟಿದ ದಪ್ಪ ಬೆರಳು. ಎರಡು ಅಂಕಿ ಒತ್ತಿದರೆ ಮೂರು ಬೀಳುತ್ತಿತ್ತು. ಅಂಗಡಿಗೆ ಬಂದು ಫೋನನ್ನು ಟೇಬಲ್ ಮೇಲೆ ಕುಕ್ಕಿದ.

"ಸೌಕಾರ್ರೆ, ನಾನು ಆನೆ ಕಾಯ್ಲಾ, ಇದನ್ನ ಕಾಯ್ಲಾ? ಹಸುಗೂಸು ಇದ್ದಂಗೆ ಗಳಿಗೆಗೊಂದ್ಸಲ ಅಳ್ತದೆ."

ಅವನನ್ನು ಕರೆದುಕೊಂಡೇ ಮೇಲೆ ಹೋದೆ. ನನ್ನ ಜಾಗ ಅದು, ಚೌಕಾಶಿ. ಒಂದು ಗಂಟೆ ಮಾಡಿ ಅಂದೆ. ಮೇಡಂ ಹದಿನೈದು ಅಂದರು. ಮುಕ್ಕಾಲು ಗಂಟೆ? ಹದಿನೈದು. ಹೋಗಲಿ ನಿಮ್ಮದೂ ಬೇಡ ನನ್ನದೂ ಬೇಡ, ಅರ್ಧ ಗಂಟೆ? ಮೆಣಸಿನ ವ್ಯಾಪಾರದಲ್ಲಿ ಎಂಥ ಗಟ್ಟಿಗರೂ ಇಲ್ಲಿಗೆ ಸಡಿಲ ಬಿಡುತ್ತಾರೆ. ಈಕೆ ಸಿಪ್ಪೆ ಮಗುಚಿ ಹಾಕುತ್ತಾ ಒಂದು ಮಾತು ಕೇಳಿದರು.

"ನಿಮಿಷ ಬೇಕಾದ್ರೆ ಕೊಡ್ತೇನೆ. ಆ ನಿಮಿಷ ಯಾರದ್ದು ಅಂತ ಹೇಳಿ. ಇವರು ಅಲ್ಲಿ ಇಲ್ಲದೆಯೂ ಚುಕ್ಕಿ ಹಸಿರಾಗಿರುವ ಹೊತ್ತು ಅದು. ಆ ಹೊತ್ತಲ್ಲಿ ತೋಟದ ಒಳಗೆ ನಡೆಯುವುದು ನೀವಾ?"

ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ, ಉಪಾಯ ಮಾಡಿದೆ.

ಬೆರಳಿನ ಹಾಗೆ ಫೋನಿನ ಗಾಜು ಮುಟ್ಟುವಂಥದ್ದು ಏನಿದೆ ಅಂತ ಒಂದು ಇಡೀ ಮಧ್ಯಾಹ್ನ ಅಂಗಡಿಯಲ್ಲಿ ಪರೀಕ್ಷೆ ಮಾಡಿದೆ. ದಾರ ಆಗಲಿಲ್ಲ, ಬಟ್ಟೆ ಆಗಲಿಲ್ಲ. ಹಸಿ ಬಾಳೆಪಟ್ಟೆ ಆಯಿತು! ಒಳಗೆ ನೀರು ತುಂಬಿರುತ್ತಲ್ಲ, ಫೋನು ಅದನ್ನು ಬೆರಳು ಅಂತಲೇ ತಿಳಿಯಿತು. ಪಂಪ್‌ಶೆಡ್ಡಿನಲ್ಲಿ ಕರೆಂಟಿತ್ತು. ಅತ್ತಿತ್ತ ತಿರುಗುವ ಒಂದು ಟೇಬಲ್ ಫ್ಯಾನ್ ಇಟ್ಟು, ಸೂರಿನಿಂದ ಒಂದು ಮೊಳ ಬಾಳೆಪಟ್ಟೆ ಇಳಿಬಿಟ್ಟು ಕಟ್ಟಿದೆ. ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಪಟ್ಟೆ ತೂಗಿ ಫೋನನ್ನು ಒಮ್ಮೆ ಸವರಿ ಹೋಗುತ್ತಿತ್ತು. ವಾಚರ್ ಎರಡು ಕೈ ಜೋಡಿಸಿ ನಕ್ಕ. ನಿಜ ಹೇಳುತ್ತೇನೆ, ಜೀವಮಾನದಲ್ಲಿ ಅಷ್ಟು ಜಂಬ ನಾನು ಯಾವತ್ತೂ ಪಟ್ಟಿರಲಿಲ್ಲ.

ಹತ್ತು ದಿನ ಕಳೆದಿರಬೇಕು. ಮೇಡಂ ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ನಾಲ್ಕು ಗೆರೆ ತೋರಿಸಿದರು. ಯಾವ ವಾಚರ್ ಯಾವಾಗ ಫೋನು ಮುಟ್ಟಿದ ಅಂತ ಗುರುತು. ಮೂರು ಗೆರೆ ಹಲಸಿನ ಮೈಯ ಹಾಗೆ ಉಬ್ಬುತಗ್ಗು. ನಾಲ್ಕನೆಯದು ಬಾಚಣಿಗೆ ಹಲ್ಲಿನ ಹಾಗೆ, ಒಂದೇ ಸಮ.

"ಎಂತ ಶಿಸ್ತು ನೋಡಿ! ಮನುಷ್ಯ ಹೀಗೆ ಇರ್ಲಿಕ್ಕೆ ಉಂಟಾ?" ಅಂದರು. ದೂರುವ ದನಿಯಲ್ಲ ಅದು. ಹೊಸ ಹುಳ ಕಂಡ ಮಗುವಿನ ದನಿ. ಕಣ್ಣು ಹೊಳೆಯುತ್ತಿತ್ತು.

ನನಗೆ ಗೊತ್ತಿತ್ತು. ಹೇಳಬಹುದಿತ್ತು. "ವಯಸ್ಸಾದವರು ಮೇಡಂ, ಹಳೆ ಕಾಲದ ಶಿಸ್ತು" ಅಂದು ಮೆಟ್ಟಿಲಿಳಿದು ಬಂದೆ…

ಅದಾದ ಮೂರನೆಯ ಬೆಳಿಗ್ಗೆ ವಾಚರಿಗೆ ಹೊಟ್ಟೆ ಕೆಟ್ಟಿತು. ಫೋನು ಫ್ಯಾನಿನ ಮುಂದಿಟ್ಟು ಲೈನ್ ಮನೆ ಕಡೆ ಇಳಿದು ಹೋಗಿದ್ದಾನೆ. ಪಟ್ಟೆ ತೂಗುತ್ತಿದೆ, ಚುಕ್ಕಿ ಹಸಿರು. ರೈಟರು ಸೀಟಿ ಊದಿದರು. ಹದಿನಾಲ್ಕು ಹೆಂಗಸರು ಒಳಗೆ ಹೋದರು. ತೋಡಿನ ಬದಿಯಲ್ಲಿ ಮರಿ ಇಟ್ಟುಕೊಂಡ ಹೆಣ್ಣಾನೆ ನಿಂತಿತ್ತು.

ಮುಂದೆ ಹೋಗುತ್ತಿದ್ದವಳು ಇನ್ನೂ ಹಬೆಯಾಡುವ ಲದ್ದಿ ಕಂಡು ಕೂಗಿದಳಂತೆ. ಎಲ್ಲರೂ ಚೀಲ ಬಿಸಾಡಿ ಓಡಿದರು. ಅವರಲ್ಲಿ ಎಲ್ಲರಿಗಿಂತ ಚುರುಕಾಗಿ ಕುಯ್ಯುವ ಒಬ್ಬಳು ಅಕ್ಕ, ಕಪಾತು ಮಾಡಿ ಕೊಂಬೆ ಕಡಿದ ಗಿಡದ ಬುಡಕ್ಕೆ ಕಾಲು ಸಿಕ್ಕಿ ಬಿದ್ದಳು. ಆನೆ ಅವಳ ಪಕ್ಕದಲ್ಲಿದ್ದ ಚೀಲಗಳನ್ನು ತುಳಿದು ಅಪ್ಪಚ್ಚಿ ಮಾಡಿ ಮರಿಯ ಕಡೆ ತಿರುಗಿತು. ಜೀವ ಉಳಿಯಿತು. ಕಾಲು ಎರಡು ಕಡೆ ಮುರಿದಿತ್ತು.

ಮಧ್ಯಾಹ್ನ ಪಂಪ್‌ಶೆಡ್ಡಿನ ಮುಂದೆ ಎಲ್ಲರೂ ಸೇರಿದರು. ರೈಟರು ಮೇಡಂ ಮುಖ ನೋಡಿ, "ನಿಮ್ಮ ಸಾಫ್ಟ್‌ವೇರ್ ಸುಳ್ಳು ಹೇಳ್ತಲ್ಲಮ್ಮ" ಅಂದರು. ಮೇಡಂ ಒಳಗೆ ಹೋಗಿ ಫ್ಯಾನು ನೋಡಿದರು, ಪಟ್ಟೆ ನೋಡಿದರು, ಅದನ್ನು ಸೂರಿಗೆ ಕಟ್ಟಿದ್ದ ಕಡೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಎಸ್ಟೇಟಿನ ಯಜಮಾನರು ವಾಚರಿಗೆ ಸಂಜೆಯೊಳಗೆ ಲೈನ್ ಮನೆ ಖಾಲಿ ಮಾಡು ಅಂದರು. ಅವನು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೇಡಂ ಮಾತ್ರ, "ಮನೆ ವಿಷಯ ನಾಳೆ ಹಾಜರಿ ತನಕ ಇರ್ಲಿ. ನನಗೆ ಇದರಲ್ಲಿ ಇನ್ನೊಂದು ನೋಡ್ಲಿಕ್ಕೆ ಉಂಟು" ಅಂದರು. ಯಜಮಾನರು ಒಪ್ಪಿದರು.

ಸಂಜೆ ಮಹಡಿಗೆ ಹೋದೆ. ಎಲ್ಲಿಂದ ಶುರು ಮಾಡಲಿ ಅಂತ ಬಾಗಿಲಲ್ಲೇ ನಿಂತಿದ್ದೆ.

"ಕೂತ್ಕೊಳ್ಳಿ. ಅದು ಗೋಣಿಚೀಲದ ಬಾಯಿ ಕಟ್ಟುವ ಗಂಟು. ಚೆಟ್ಟಳ್ಳಿಯಲ್ಲಿ ಅಷ್ಟು ನೀಟಾಗಿ ಹಾಕುವವರು ಒಬ್ಬರೇ," ಅಂದರು.

ಎರಡು ದಿನ ಕೊಡಿ ಮೇಡಂ, ಸಮಯ ನೋಡಿ ಯಜಮಾನರಿಗೆ ಹೇಳುತ್ತೇನೆ ಅಂದೆ. ಹಾಜರಿ ತನಕ ಅಂದರು. ನಾಳೆ ಮಧ್ಯಾಹ್ನ? ಹಾಜರಿ ತನಕ. ಆ ಎಸ್ಟೇಟಿನ ವ್ಯಾಪಾರ ಹೋದರೆ ನನ್ನ ಅರ್ಧ ಅಂಗಡಿ ಹೋದ ಹಾಗೆ ಅಂತಲೂ ಹೇಳಿದೆ. ಅದಕ್ಕೆ ಅವರು ನನ್ನನ್ನು ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. "ಗೊತ್ತು. ಕಷ್ಟ ಉಂಟು" ಅಂದು ಕಾಫಿ ಕೊಟ್ಟರು.

ಮಾರನೆ ಬೆಳಿಗ್ಗೆ ಹಾಜರಿ ಕರೆಯುವ ಮುಂಚೆ ಎಲ್ಲರ ಎದುರು ನಿಂತು ಹೇಳಿದೆ. ಫ್ಯಾನು ನನ್ನದು, ಪಟ್ಟೆ ನನ್ನದು, ಬುದ್ಧಿ ನನ್ನದು. ಯಜಮಾನರು ನನ್ನ ಅಂಗಡಿಯಿಂದ ಮೂರು ವರ್ಷ ಒಂದು ಹಗ್ಗವನ್ನೂ ತರಿಸಲಿಲ್ಲ. ವಾಚರಿನ ಮನೆ ಉಳಿಯಿತು.

ಆಮೇಲೆ ಮಡಿಕೇರಿ ಆಸ್ಪತ್ರೆಗೆ ಹೋದೆವು, ನಾನೂ ಮೇಡಮ್ಮೂ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಕ್ಕ ನನ್ನನ್ನು ಕಂಡದ್ದೇ, "ಬನ್ನಿ ಅಣ್ಣಾ. ನಿಮ್ಮ ಬಾಳೆಪಟ್ಟೆಗೆ ಒಂದು ಚೀಲ ಕಟ್ಟಿ ಕಳ್ಸಿ, ಈ ವರ್ಷ ನನ್ನ ಬದ್ಲು ಅದೇ ಕುಯ್ಲಿ" ಅಂದಳು. ಪಕ್ಕದ ಮಂಚದವರೂ ನಕ್ಕರು. ನಾನು ತಂದಿದ್ದ ಹಾರ್ಲಿಕ್ಸ್ ಬಾಟಲು ಹಿಡಿದುಕೊಂಡೇ ನಿಂತಿದ್ದೆ. ನಗು ನಿಂತ ಮೇಲೆ ಮೇಡಂ ಕಡೆ ತಿರುಗಿ ಅವಳು ಇನ್ನೊಂದು ಕೇಳಿದಳು.

"ಒಳಗೆ ಹೋಗೋದು ನಾವು. ಸೀಟಿ ಯಾಕಮ್ಮ ರೈಟರ ಬಾಯಲ್ಲಿ?"

ಮೇಡಂ ಬಸ್ಸಿನಲ್ಲಿ ವಾಪಸು ಬರುವಾಗ ಇಡೀ ದಾರಿ ಆ ಮಾತನ್ನೇ ಯೋಚಿಸುತ್ತಿದ್ದರು. ಮುಂದಿನ ವಾರವೆಲ್ಲ ಗಮ್‌ಬೂಟ್ ಹಾಕಿಕೊಂಡು ಹೆಂಗಸರ ಜೊತೆ ತೋಟಕ್ಕೆ ಹೋದರು. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದಾಗ ಹೆಂಗಸರು ಆಗಾಗ "ಕೂ…" ಅಂತ ಕೂಗುತ್ತಾರೆ. ಆ ಕಡೆಯಿಂದ "ಕೂ" ಅಂತ ಬಂದರೆ ಸರಿ. ಬರದಿದ್ದರೆ ಇನ್ನೊಂದು ಸಲ. ಮತ್ತೂ ಬರದಿದ್ದರೆ ಕೆಲಸ ಬಿಟ್ಟು ಹುಡುಕಿಕೊಂಡು ಹೋಗುತ್ತಾರೆ. ನಾವು ಹುಟ್ಟಿದಾಗಿನಿಂದ ಕೇಳಿದ ಕೂಗು. ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

"ನಾನು ಒಂದು ಗಡಿಯಾರಕ್ಕೆ ಮೂರು ಕೆಲಸ ಹೇಳಿದ್ದೆ," ಅಂದರು ನನಗೆ. ಫೋನಿನ ಸಂಪರ್ಕ ಜೀವಂತ ಇದೆಯಾ ಅನ್ನೋದು ಒಂದು. ಅದನ್ನು ಫೋನು ಫೋನೇ ಕೇಳಿಕೊಳ್ಳಲಿ, ಮನುಷ್ಯನಿಗೆ ತೊಂದರೆ ಬೇಡ. ಆ ತುದಿಯಲ್ಲಿ ಆಸಾಮಿ ಇದ್ದಾನಾ ಅನ್ನೋದು ಇನ್ನೊಂದು. ಗುಟ್ಟು ಎಷ್ಟು ಹಳೆಯದಾಯಿತು ಅನ್ನೋದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಹೊತ್ತು ಬೇಕು. ಎಲ್ಲಕ್ಕಿಂತ ದೊಡ್ಡದು, ಮುರಿಯುವ ಮೊದಲು ಒಂದು ಸಲ ಕೂಗಬೇಕು. ಹಸಿರಿನಿಂದ ನೇರ ಬೂದಿಯಲ್ಲ, ನಡುವೆ ಹಳದಿ. ಹಳದಿಯಾದಾಗ ವಾಚರ್ ಬಾಯಿಂದ "ಇದ್ದೇನೆ" ಅಂತ ಹೇಳಿದರೆ ಸಾಕು, ಅದು ಸೀಟಿಯವರ ಕಿವಿಗೆ ಬೀಳುತ್ತದೆ. ಆರು ಅಂಕಿ ಬೇಡ. ಕೂಗು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಾಗೋದೂ ಇಲ್ಲ, ಸೀಟಿಯವರೂ ಬೇಕಾದಾಗ ಕೂಗಿಸಬಹುದು.

ಇದು ಮಹಡಿಯಲ್ಲಿ ಕೂತು ತೀರ್ಮಾನ ಮಾಡುವ ವಿಷಯವಾಗಿರಲಿಲ್ಲ. ಆ ಲೈಬ್ರರಿಯನ್ನು ಲೋಕದಲ್ಲಿ ಎಲ್ಲೆಲ್ಲೋ ಆಸ್ಪತ್ರೆಯವರು, ಹಡಗಿನವರು ಬಳಸುತ್ತಾರೆ. ಕಂಡು ಕೇಳರಿಯದ ಜನದ ಜೊತೆ ತಿಂಗಳುಗಟ್ಟಲೆ ಪತ್ರದಲ್ಲಿ ವಾದ. ನಾನು ಪಕ್ಕದಲ್ಲಿ ಕೂತು ಅರ್ಥ ಕೇಳುತ್ತಿದ್ದೆ. ಒಬ್ಬ ಮಹಾಶಯ ಕೂಗಿದ ಮೇಲೆ ಹತ್ತು ಸೆಕೆಂಡು ಕಾದರೆ ಸಾಕು ಅಂದನಂತೆ. ಅಷ್ಟು ಹೊತ್ತಿಗೆ ಪಂಪ್‌ಶೆಡ್ಡಿನ ವಾಚರ್ ಬೆಂಕಿಯಿಂದ ಕೈ ತೆಗೆದಿರೋದೂ ಇಲ್ಲ! ಇಬ್ಬರೂ ಗಡಿಯಾರ ಹಿಡಿದು ಹೋಗಿ, ಅವನು ಚಹಾದ ಪಾತ್ರೆ ಇಳಿಸಿ, ಕೈ ಒರೆಸಿ, ಕಂಬಳಿ ಸರಿಸಿ ಫೋನು ಎತ್ತಿಕೊಳ್ಳೋದಕ್ಕೆ ಎಷ್ಟು ಹೊತ್ತು ಅಂತ ಮೂರು ಸಲ ಅಳೆದೆವು. ಐವತ್ತು ಸೆಕೆಂಡು. "ಇನ್ನೊಂದ್ಸಲ ಮಾಡ್ಲಾ?" ಅಂತ ಅವನು ಕೇಳಿದ, ಖುಷಿಯಲ್ಲಿ. ಕೊನೆಗೆ ನಮ್ಮ ತೋಟಕ್ಕೆ ಐವತ್ತೇ ನಿಂತಿತು. ಅಳೆಯದೆ ಚೌಕಾಶಿಗೆ ಕೂರಬಾರದು ಅನ್ನುವುದನ್ನು ಆ ವಯಸ್ಸಿನಲ್ಲಿ ಕಲಿತೆ.

ಸೀಟಿ ಆ ಅಕ್ಕನ ಕೈಗೆ ಬಂತು. ಮೇಡಂ ಯಜಮಾನರ ಹತ್ತಿರ ಕೂತು ಮಾತಾಡಿ ಕೊಡಿಸಿದರು. ಕಾಲು ಪೂರ್ತಿ ಸರಿಯಾಗಲಿಲ್ಲ, ಇಳಿಜಾರಿನಲ್ಲಿ ನಿಂತು ಕುಯ್ಯೋದಕ್ಕೆ ಆಗೋದಿಲ್ಲ. ಫೋನು, ಸೀಟಿ, ಎರಡೂ ಅವಳ ಹತ್ತಿರ. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಮೂಲೆಯ ಕಾವಲಿಗೆ ಕೂರುವವನು ನಾನು. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಮೂರು ವರ್ಷ ಇದ್ದು ಮೇಡಂ ಪುತ್ತೂರಿಗೆ, ತಂಗಿಯ ಮನೆಗೆ ಹೋದರು. ಉಸಿರಿನ ತೊಂದರೆ, ಇಲ್ಲಿನ ಥಂಡಿ ತಡೆಯುತ್ತಿರಲಿಲ್ಲ. ಫೋನಿನಲ್ಲಿ ಸಿಗುತ್ತಿದ್ದರು. ಅಕ್ಕನ ಕಾಲು ಹೇಗುಂಟು, ಕೂಗಿಗೆ ಎಲ್ಲರೂ ಓಗೊಡ್ತಾರಾ ಅಂತ ಕೇಳುತ್ತಿದ್ದರು. ಒಂದು ದಿನ ಅವರ ನಂಬರಿನಿಂದ ತಂಗಿ ಮಾತಾಡಿದರು. ಘಾಟಿ ಇಳಿದು ಹೋಗಿ, ಮೇಡಂ ಮುಖ ಕೊನೆಯ ಸಲ ನೋಡಿ ಬಂದೆ…

ಬಂದವನು ಯಾರಿಗೂ ಹೇಳಲಿಲ್ಲ. ಆಗ ಕುಯ್ಲು ಜೋರಾಗಿತ್ತು. ಕುಯ್ಲು ಮುಗಿಯಲಿ ಅಂದುಕೊಂಡೆ. ಮುಗಿದ ಮೇಲೆ ಮಳೆ ಬರಲಿ ಅಂದುಕೊಂಡೆ. ಸೋಮವಾರ ಕಾವಲಿಗೆ ಹೋಗುವಾಗ ಅಕ್ಕ ಸೀಟಿ ಒರೆಸುತ್ತಾ ಕೇಳೋಳು, "ಮೇಡಂ ಹೆಂಗವ್ರೆ ಅಣ್ಣಾ?" ನಾನು "ಆರಾಮಾಗವ್ರೆ, ನಿನ್ನ ಕೇಳ್ದ್ರು" ಅನ್ನೋನು. ಒಮ್ಮೆ ಹಾಗೆ ಅಂದ ಮೇಲೆ ಎರಡನೆಯ ಸಲ ಸುಲಭ. ಅವಳು ಆ ದಿನವೆಲ್ಲ ಖುಷಿಯಾಗಿರುತ್ತಿದ್ದಳು. ಹೀಗೇ ಎರಡು ವರ್ಷ ನಡೆಯಿತು ಅಂದರೆ ನೀವು ನಂಬಬೇಕು.

ಮೊನ್ನೆ ಆ ವಾಸನೆ ಬಂದದ್ದು ಶನಿವಾರ. ಭಾನುವಾರ ಪೂರ್ತಿ ಅಂಗಡಿ ತೆಗೆಯಲಿಲ್ಲ. ಸೋಮವಾರ ಕಣದ ಹತ್ತಿರ ಅಕ್ಕ ಅದೇ ಮಾತು ಕೇಳಿದಳು. ಈ ಸಲ ನಿಜ ಹೇಳಿದೆ.

"ಯಾವಾಗ?" ಅಂದಳು. ಹೇಳಿದೆ. ಬೆರಳಲ್ಲಿ ಏನೋ ಎಣಿಸಿದಳು. "ಅಷ್ಟು ದಿನ ನನ್ನ ಹತ್ರ ಆರಾಮಾಗವ್ರೆ ಅಂತಿದ್ರಲ್ಲ ಅಣ್ಣಾ. ನಾನು ಆಯಮ್ಮನಿಗೆ ಅಂತ ಎರಡು ವರ್ಷದ ಉಪ್ಪಿನಕಾಯಿ ಹಾಕಿಟ್ಟಿದ್ದೀನಿ," ಅಂದಳು.

ಹೆಂಗಸರು ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನ ಹತ್ತಿರ ಸಾಲಾಗಿ ನಿಂತಿದ್ದರು. ಅವಳ ಕೈಯ ಫೋನಿನಲ್ಲಿ ಮೂರು ಚುಕ್ಕಿ ಹಸಿರಾಗಿದ್ದವು, ನನ್ನದೊಂದು ಬಾಕಿ. ಮೇಲಿನಿಂದ ರೈಟರು ಕೂಗಿದರು, "ಏನಾಯ್ತು? ಇನ್ನೂ ಸೀಟಿ ಇಲ್ಲ?"

"ಇವತ್ತು ಒಂಚೂರು ತಡ," ಅಂತ ಅವಳು ಅಲ್ಲಿಂದಲೇ ಕೂಗಿ ಹೇಳಿದಳು. ಆಮೇಲೆ ನನ್ನ ಕಡೆ ನೋಡದೆ, "ನೀವು ಹೋಗಿ ನಿಮ್ಮ ಜಾಗಕ್ಕೆ. ಅಲ್ಲಿಂದ ಬಾಯ್ಬಿಟ್ಟು ಇದ್ದೀನಿ ಅನ್ನಿ. ಇನ್ಮೇಲೆ ನಿಮ್ಮದು ಮಾತ್ರ ನಾನು ಎರಡು ಸಲ ಕೇಳ್ತೀನಿ," ಅಂದಳು.

ಗುಡ್ಡ ಹತ್ತಿ ನನ್ನ ಮೂಲೆಗೆ ಹೋಗಿ ನಿಂತೆ. ಫೋನು ಕೂಗಿತು. "ಇದ್ದೀನಿ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿತು.

"ಇದ್ದೀನಕ್ಕ," ಅಂದೆ.

ಆಗ ಸೀಟಿ ಕೇಳಿಸಿತು.